ಮೆಮರಿ ಫೋಮ್ ಅಂತ ಮಾರಿದರು, ಒಳಗಿದ್ದದ್ದು ಅಂಟು ಹಾಕಿದ ಫೋಮ್ ಚೂರು: ಹೊಸ ಹಾಸಿಗೆ ಕೊಳ್ಳುವವರು ಓದಿ

ಮೈಸೂರು, ಮಂಡ್ಯ ಕಡೆ ಯಾರಾದರೂ ಹೊಸ ಹಾಸಿಗೆ ತಗೊಳ್ಳುವ ಯೋಚನೆಯಲ್ಲಿದ್ದರೆ ಇದನ್ನು ಪೂರ್ತಿ ಓದಿ, ಆಮೇಲೆ ಅಂಗಡಿಗೆ ಹೋಗಿ. ಒಳಗೇನಿದೆ ಎಂದು ಕಣ್ಣಾರೆ ನೋಡದೆ, ಅದನ್ನೇ ಬಿಲ್ಲಿನಲ್ಲಿ ಬರೆಸದೆ ದುಡ್ಡು ಕೊಡಬೇಡಿ. ಮನೆಯಲ್ಲಿ ವಯಸ್ಸಾದವರು, ಬೆನ್ನುನೋವು ಇರುವವರು ಇದ್ದರೆ ಇನ್ನೂ ಜಾಸ್ತಿ ಹುಷಾರಾಗಿರಿ.

ನಾವು ಮಂಡ್ಯದವರು. ಅಮ್ಮನಿಗೆ ಸೊಂಟನೋವು ಹಳೇದು. ಅವರು ಮಲಗುತ್ತಿದ್ದ ಹತ್ತಿ ಹಾಸಿಗೆ ಗಂಟುಗಂಟಾಗಿ ನಡುವೆ ಹಳ್ಳ ಬಿದ್ದಿತ್ತು. ಹಿಂಜಿಸಿ ಹೊಸ ಬಟ್ಟೆ ಹಾಕಿಸೋಣ ಅಂದರೆ, ಮೊದಲು ಬೀದಿ ಬೀದಿ ಕೂಗಿಕೊಂಡು ಬರುತ್ತಿದ್ದ ಹಿಂಜುವವರು ನಮ್ಮ ಬಡಾವಣೆಯಲ್ಲಿ ಈಗ ಕಾಣುವುದೇ ಇಲ್ಲ. ಹಾಗಾಗಿ ದಸರಾ ಹೊತ್ತಿನಲ್ಲಿ ಮೈಸೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ನೋಡಿದೆವು. ದೂರು ನಡೆಯುತ್ತಿರುವುದರಿಂದ ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಹೊರಗೆ ಫ್ಯಾಕ್ಟರಿ ರೇಟು, ಹಬ್ಬದ ಆಫರ್ ಅಂತ ದೊಡ್ಡ ಬ್ಯಾನರ್. ಎಂಆರ್‌ಪಿ 28,000 ರೂಪಾಯಿ, ನಮಗೆ 12,500ಕ್ಕೆ. ಆರ್ಥೋಪೆಡಿಕ್ ಮೆಮರಿ ಫೋಮ್ (ಒತ್ತಿದರೆ ತಗ್ಗಿ ನಿಧಾನಕ್ಕೆ ಮೇಲೆ ಬರುವ ಫೋಮ್), 6 ಇಂಚು ದಪ್ಪ, 10 ವರ್ಷ ವಾರಂಟಿ ಎಂದರು. ಅಮ್ಮ ಎರಡು ನಿಮಿಷ ಮಲಗಿ ನೋಡಿದರು, ಮೆತ್ತಗೆ ಹಿತವಾಗಿದೆ ಎಂದರು. ಲೇಬಲ್ ಮೇಲಿನ ಹೆಸರು ಎಲ್ಲರಿಗೂ ಗೊತ್ತಿರುವ ಒಂದು ಕಂಪನಿಯ ಹೆಸರಿನ ಹಾಗೇ ಇತ್ತು, ಒಂದೇ ಒಂದು ಅಕ್ಷರ ಬೇರೆ. ಟಿವಿಯಲ್ಲಿ ನೋಡಿದ ಹೆಸರು ಅಂತಲೇ ಯಾರಿಗಾದರೂ ಅನ್ನಿಸುತ್ತದೆ. ಅದಕ್ಕೇ ಹಾಗೆ ಇಟ್ಟಿರುತ್ತಾರೆ.

ಸಂಕ್ರಾಂತಿ ಹೊತ್ತಿಗೆಲ್ಲ ಸೊಂಟ ಬರುವ ಜಾಗದಲ್ಲಿ ಹಾಸಿಗೆ ಕುಸಿದಿತ್ತು. ಕುಸಿದ ಜಾಗದ ಕೆಳಗೆ ಕೈಗೆ ಹಲಗೆ ಸಿಕ್ಕಿದಷ್ಟು ಗಟ್ಟಿ. ಅಮ್ಮ ಬೆಳಗ್ಗೆ ಏಳುವಾಗ ಮಂಚದ ಅಂಚು ಹಿಡಿದುಕೊಂಡು ಏಳುವ ಹಾಗಾಯಿತು. ಕೊನೆಗೆ ನೆಲದ ಮೇಲೆ ಚಾಪೆ ಹಾಸಿ ಮಲಗಿದರು. ಅಂಗಡಿಗೆ ಫೋನ್ ಮಾಡಿದರೆ "ಬೆನ್ನುನೋವಿಗೆ ಗಟ್ಟಿಯಾಗೇ ಇರಬೇಕು ಮೇಡಂ, ಡಾಕ್ಟರೇ ಹೇಳುತ್ತಾರೆ" ಅಂದರು.

ಈ ಮಾತನ್ನು ನಂಬಬೇಡಿ. ಗಟ್ಟಿ ಇದ್ದಷ್ಟೂ ಬೆನ್ನಿಗೆ ಒಳ್ಳೆಯದು ಅನ್ನುವುದು ನಮ್ಮಲ್ಲಿ ಬಹಳ ಜನ ನಂಬಿರುವ ಮಾತು. ಆದರೆ ಸ್ಪೇನಿನಲ್ಲಿ ಹಳೇ ಸೊಂಟನೋವಿದ್ದ 313 ಜನರ ಮೇಲೆ ಪರೀಕ್ಷೆ ಮಾಡಿ ನೋಡಿದ್ದಾರೆ. ಅರ್ಧದಷ್ಟು ಜನಕ್ಕೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯದು, 90 ದಿನ. ನೋವು ಜಾಸ್ತಿ ಕಡಿಮೆಯಾದದ್ದು ಮಧ್ಯಮ ಹಾಸಿಗೆಯಲ್ಲಿ ಮಲಗಿದವರಿಗೆ. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವರದಿ ಅದು. ನಮ್ಮ ಮೂಳೆ ಡಾಕ್ಟರು ಹೇಳಿದ್ದೂ ಅದನ್ನೇ: ತೀರಾ ಮೆತ್ತಗೂ ಬೇಡ, ಹಲಗೆ ಹಾಗೂ ಬೇಡ. ಇನ್ನು ಆರ್ಥೋಪೆಡಿಕ್ ಎಂದು ಕವರ್ ಮೇಲೆ ಅಚ್ಚು ಹಾಕಿದ ಮಾತ್ರಕ್ಕೆ ಯಾವ ಡಾಕ್ಟರೂ ಅದನ್ನು ನೋಡಿ ಒಪ್ಪಿದ್ದಾರೆ ಅಂತಲ್ಲ.

ಅಂಗಡಿಯವರು ಬಂದು ನೋಡಲಿಲ್ಲ. ಆಗ ತಮ್ಮ ಒಂದು ಮೂಲೆಯಲ್ಲಿ ಬ್ಲೇಡ್ ಹಿಡಿದು ಹೊಲಿಗೆ ಬಿಚ್ಚಿದ. ಕವರ್ ಕೆಳಗೆ ಬಿಳಿ ಫೋಮ್ ಒಂದೂವರೆ ಇಂಚು, ಬೆರಳಲ್ಲಿ ಒತ್ತಿದರೆ ಕಾಗದದಷ್ಟು ತೆಳ್ಳಗಾಗುತ್ತದೆ. ಅದರ ಕೆಳಗೆ ಪೂರ್ತಿ ಚೂರುಗಳು. ನೀಲಿ, ಗುಲಾಬಿ, ಹಳದಿ, ಕಪ್ಪು, ಎಲ್ಲ ಬಣ್ಣದ ಫೋಮ್ ತುಂಡುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಇಟ್ಟಿಗೆಯಂಥ ಚಪ್ಪಡಿ. ಒಂದು ತುಂಡಿಗೆ ಯಾವುದೋ ಸೋಫಾದ ಬಟ್ಟೆಯ ಎಳೆ ಇನ್ನೂ ಅಂಟಿಕೊಂಡಿತ್ತು. ಅಂಟಿನ ಘಾಟು ಮೂಗಿಗೆ ಬಡಿಯಿತು. ಟೇಪ್ ಹಿಡಿದು ಅಳೆದರೆ ದಪ್ಪ ಐದೂಕಾಲು ಇಂಚು. ಮೆಮರಿ ಫೋಮ್ ಒಂದು ಎಳೆಯೂ ಇಲ್ಲ.

ಇದಕ್ಕೆ ರೀಬಾಂಡೆಡ್ ಫೋಮ್ ಅನ್ನುತ್ತಾರೆ. ಫೋಮ್ ಕಾರ್ಖಾನೆಯಲ್ಲಿ ಉಳಿದ ಚೂರು, ಕತ್ತರಿಸಿದ ಅಂಚು ಇವನ್ನೆಲ್ಲ ಸೇರಿಸಿ ಮಾಡುವುದು. ಅದನ್ನು ಅದೇ ಹೆಸರಿನಲ್ಲಿ, ಅದರದೇ ಬೆಲೆಗೆ ಮಾರಿದರೆ ನನ್ನ ತಕರಾರಿಲ್ಲ, ಗಟ್ಟಿ ಹಾಸಿಗೆ ಇಷ್ಟಪಡುವವರು ತಿಳಿದೇ ತಗೊಳ್ಳುತ್ತಾರೆ. ಮೇಲೊಂದು ತೆಳು ಮೆತ್ತನೆ ಪದರ ಹಾಕಿ, ಎರಡು ನಿಮಿಷ ಮಲಗಿದವರಿಗೆ ಹಿತ ಅನ್ನಿಸುವಂತೆ ಮಾಡಿ, ಮೆಮರಿ ಫೋಮ್ ಅಂತ ಸುಳ್ಳು ಹೇಳಿ ಮಾರಿದ್ದು ನನಗೆ ಸಿಟ್ಟು ತರಿಸುವುದು. ಆ ಮೆತ್ತನೆ ಪದರ ಚಪ್ಪಟೆಯಾದ ದಿನವೇ ಸೊಂಟ ಹೋಗಿ ಫೋಮ್ ಚೂರಿನ ಚಪ್ಪಡಿಗೆ ತಗಲುತ್ತದೆ.

ಅಂಗಡಿಯಲ್ಲೇ ಕಂಡುಹಿಡಿಯುವುದು ಕಷ್ಟವೇನಲ್ಲ. ಜಿಪ್ ಇರುವ ಕವರ್ ಆದರೆ ತೆಗೆಸಿ ನೋಡಿ. ಹೊಲಿಗೆ ಹಾಕಿದ್ದಾದರೆ ಒಳಗಿನ ಪದರ ತೋರಿಸುವ ತುಂಡು ಕೇಳಿ, ಆದರೆ ಆ ತುಂಡು ನಿಮ್ಮ ಹಾಸಿಗೆಯದೇ ಅನ್ನುವುದಕ್ಕೆ ಏನು ಗ್ಯಾರಂಟಿ ಅಲ್ವಾ, ಹಾಗಾಗಿ ನಾನು ಈಗ ಜಿಪ್ ಇಲ್ಲದ್ದನ್ನು ಮುಟ್ಟುವುದೇ ಇಲ್ಲ. ಮೆಮರಿ ಫೋಮ್ ಆದರೆ ಅಂಗೈ ಒತ್ತಿ ತೆಗೆದಾಗ ಗುರುತು ಉಳಿದು ನಿಧಾನಕ್ಕೆ ಮೇಲೆ ಬರುತ್ತದೆ. ತಕ್ಷಣ ಪುಟಿದರೆ ಅದು ಮಾಮೂಲಿ ಫೋಮ್. ಪೂರ್ತಿ ಹಾಸಿಗೆ ಮೆಮರಿ ಫೋಮ್ ಇರುವುದಿಲ್ಲ, ಮೇಲಿನ ಒಂದೆರಡು ಇಂಚು ಇರುತ್ತದೆ. ಕೆಳಗಿರುವುದು ಯಾವುದು ಅನ್ನುವುದೇ ಮುಖ್ಯ ಪ್ರಶ್ನೆ.

ತೂಕವೂ ಗುಟ್ಟು ಬಿಡುತ್ತದೆ. ನಮ್ಮ ಹಾಸಿಗೆ ತಂದ ಇಬ್ಬರು ಹುಡುಗರು ಮೆಟ್ಟಿಲು ಹತ್ತಿಸುವಾಗ ಏದುಸಿರು ಬಿಡುತ್ತಿದ್ದರು. ಕೇಳಿದರೆ "ಭಾರ ಇದ್ದರೆ ಕ್ವಾಲಿಟಿ" ಅಂತ ಉತ್ತರ. ಫೋಮಿನ ಡೆನ್ಸಿಟಿ ಅಂದರೆ ಒಂದು ಘನ ಮೀಟರಿಗೆ ಎಷ್ಟು ಕೆಜಿ ಎಂಬ ಲೆಕ್ಕ, ಅಷ್ಟೇ. 72 ಇಂಚು ಉದ್ದ, 60 ಇಂಚು ಅಗಲ, 6 ಇಂಚು ದಪ್ಪದ ಹಾಸಿಗೆ ಸುಮಾರು 0.42 ಘನ ಮೀಟರ್ ಆಗುತ್ತದೆ. 32 ಡೆನ್ಸಿಟಿ ಫೋಮ್ ಆದರೆ ಹದಿಮೂರು ಹದಿನಾಲ್ಕು ಕೆಜಿ, 40 ಆದರೆ 17 ಕೆಜಿ ಹತ್ತಿರ. ಎಂಟೊಂಬತ್ತು ಕೆಜಿ ಮಾತ್ರ ತೂಗಿದರೆ 20ರ ಆಸುಪಾಸಿನ ಹಗುರ ಫೋಮ್, ಅದು ಬೇಗ ಕುಸಿಯುತ್ತದೆ. ಮೂವತ್ತು ಕೆಜಿ ದಾಟಿದರೆ ಒಳಗೆ ರೀಬಾಂಡೆಡ್ ಇದೆಯಾ ಎಂದು ನೇರವಾಗಿ ಕೇಳಿ. ಸ್ಪ್ರಿಂಗ್ ಮತ್ತು ಲೇಟೆಕ್ಸ್ ಹಾಸಿಗೆಗಳು ಸಹಜವಾಗೇ ಭಾರ, ಅವಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ.

ಈಗ ವಾರಂಟಿ. 10 ವರ್ಷ ಎಂದು ಕಾರ್ಡಿನ ಮುಂದೆ ದಪ್ಪಕ್ಷರ, ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದ ಷರತ್ತು. ಕುಸಿತ ಒಂದು ಇಂಚಿಗಿಂತ ಜಾಸ್ತಿ ಇದ್ದರೆ ಮಾತ್ರ, ಅದೂ ಮೇಲೆ ಯಾರೂ ಮಲಗಿಲ್ಲದಾಗ ಅಳೆದಾಗ. ಕಲೆ ಬಿದ್ದಿದ್ದರೆ ಇಲ್ಲ. ಕವರ್ ಬಿಚ್ಚಿದರೆ ಇಲ್ಲ. ಮಂಚ ಸಮತಟ್ಟಾಗಿಲ್ಲದಿದ್ದರೆ ಇಲ್ಲ. ಕಲೆ, ಕುಸಿತದ ಷರತ್ತು ಒಳ್ಳೆಯ ಕಂಪನಿಗಳ ಕಾರ್ಡಿನಲ್ಲೂ ಇರುತ್ತದೆ, ಹಾಗಾಗಿ ಕಲೆ ತಾಗದಂತೆ ಮೊದಲ ದಿನವೇ ಹಾಸಿಗೆ ಮೇಲೆ ಪ್ರೊಟೆಕ್ಟರ್ ಹೊದಿಕೆ ಹಾಕಿ. ನಮ್ಮ ಕಾರ್ಡಿನಲ್ಲಿ ತಯಾರಕರ ವಿಳಾಸವೇ ಇರಲಿಲ್ಲ. ಕೊಟ್ಟ ನಂಬರ್ ಚಾಲ್ತಿಯಲ್ಲಿಲ್ಲ.

ಬಿಲ್ಲಿನಲ್ಲಿ ಏನಿತ್ತು ಗೊತ್ತಾ? "ಮ್ಯಾಟ್ರೆಸ್, 1". ಇಷ್ಟೇ. ನಾವು ಮೆಮರಿ ಫೋಮ್ ಅಂತ ಹೇಳಿಯೇ ಇಲ್ಲ ಎಂದು ಅಂಗಡಿಯವರು ಈಗ ವಾದಿಸುವುದು ಇದರ ಬಲದ ಮೇಲೆ. ಆದ್ದರಿಂದ ಪ್ರತಿ ಪದರದ ಹೆಸರು, ದಪ್ಪ, ಡೆನ್ಸಿಟಿ ಬಿಲ್ಲಿನಲ್ಲೇ ಬರೆಸಿ. ಬರೆಯುವುದಿಲ್ಲ ಅಂದರೆ ಎದ್ದು ಬನ್ನಿ. ಬಿಲ್ಲಿನ ಮೇಲಿನ ಜಿಎಸ್‌ಟಿ ನಂಬರನ್ನೂ ನೋಡಿ, ಅದು 15 ಅಕ್ಷರದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

"ಮಾರಿದ ಮಾಲು ವಾಪಸ್ ಇಲ್ಲ" ಎಂದು ಬಿಲ್ ಕೆಳಗೆ ಅಚ್ಚು ಹಾಕಿದ್ದನ್ನು ನೋಡಿ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ. ಅದಕ್ಕೇ ಮನೆಗೆ ಬಂದ ವಾರದಲ್ಲೇ ಅಳೆದು, ತೂಗಿ, ಫೋಟೊ ತೆಗೆದಿಡಿ. ಆ ಅವಧಿ ದಾಟಿದ ಮೇಲೂ ದಾರಿ ಇದೆ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕೊಂಡದ್ದು ಮೈಸೂರಿನಲ್ಲಾದರೂ ನಾವು ಮಂಡ್ಯದಲ್ಲೇ ದೂರು ಕೊಟ್ಟಿದ್ದೇವೆ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ, ಎರಡು ವರ್ಷದೊಳಗೆ ಕೊಡಬೇಕು.

ಅಂಗಡಿಯವರು ಈಗ ಹಳೇದನ್ನು ವಾಪಸ್ ಕೊಡಿ, ಎಕ್ಸ್‌ಚೇಂಜ್‌ನಲ್ಲಿ ಬೇರೆ ಕೊಡುತ್ತೇವೆ, ಸ್ವಲ್ಪ ಮೇಲೆ ಕೊಟ್ಟರೆ ಸಾಕು ಅನ್ನುತ್ತಿದ್ದಾರೆ. ನಾವು ಒಪ್ಪಿಲ್ಲ. ನಿಮಗೂ ಹೀಗೆ ಆಗಿದ್ದರೆ ದೂರು ಮುಗಿಯುವ ತನಕ ಆ ಹಾಸಿಗೆಯನ್ನು ಎಕ್ಸ್‌ಚೇಂಜ್‌ಗೂ ಕೊಡಬೇಡಿ, ಗುಜರಿಗೂ ಹಾಕಬೇಡಿ. ಒಳಗೆ ಏನಿತ್ತು ಅನ್ನುವುದಕ್ಕೆ ನಿಮ್ಮ ಹತ್ತಿರ ಇರುವ ಸಾಕ್ಷಿ ಅದೊಂದೇ.