‘ಅರ್ಧ ದಾರಿ ಮುಗಿಯಿತು’ ಎಂಬ ಮಾತನ್ನು ನಂಬಿ ಮುಂದೆ ಹೋಗಬೇಡಿ

ಬೆಟ್ಟದ ಕಾಡನ್ನು ಬಳಸಿಕೊಂಡು ಹೊರಟ ಜಾಗಕ್ಕೇ ಬಂದು ಸೇರುವ ಸುತ್ತುಹಾದಿಯ ಚಾರಣಕ್ಕೆ, ಅದರಲ್ಲೂ ‘ಮಧ್ಯಮ’ ಎಂಬ ಶ್ರೇಣಿಯನ್ನು ನೋಡಿ ಹೆಸರು ಕೊಡುವವರಿಗೆ, ಈಚೆಗೆ ನಮ್ಮ ಗುಂಪಿಗೆ ಆದದ್ದನ್ನು ತಿಳಿಸಲೇಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಎಲ್ಲರೂ ಜೀವಸಹಿತ ಹೊರಬಂದೆವು, ಆದರೆ ಹಾಗೆ ಆಗದೇ ಇರಲು ಬೇಕಾದ ಕಾರಣಗಳೆಲ್ಲ ಆ ಸಂಜೆ ಅಲ್ಲಿದ್ದವು.

ಚಾರಣವನ್ನು ಏರ್ಪಡಿಸಿದ್ದವರು 12 ಕಿ.ಮೀ. ಹಾದಿ, ಒಟ್ಟು 700 ಮೀಟರ್ ಏರು, ನಾಲ್ಕು ಗಂಟೆಯ ನಡಿಗೆ ಎಂದು ತಿಳಿಸಿದ್ದರು. ಕಾಗದದ ಮೇಲೆ ಈ ಲೆಕ್ಕ ತಪ್ಪಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ, ಇಂದಿಗೂ ಬಳಕೆಯಲ್ಲಿರುವ ಸೂತ್ರದಂತೆ ಸುಮಾರು ಪ್ರತಿ 5 ಕಿ.ಮೀ.ಗೆ ಒಂದು ಗಂಟೆ ಹಿಡಿದು, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಸೇರಿಸಿದರೆ ಮೂರೂವರೆ ಗಂಟೆ ಬರುತ್ತದೆ. ಆದರೆ ಆ ಸೂತ್ರದಲ್ಲಿ ದಣಿವಾರಿಸಿಕೊಳ್ಳುವ ಹೊತ್ತಿಲ್ಲ, ಮಳೆಗೆ ನೆನೆದ ನೆಲವಿಲ್ಲ, ಕಡಿದಾದ ಇಳಿಜಾರಿನಲ್ಲಿ ಹೆಜ್ಜೆ ನಿಧಾನವಾಗುವುದೂ ಇಲ್ಲ. ಗುಂಪಿನ ವೇಗವೆಂದರೆ ಅದರಲ್ಲಿ ಎಲ್ಲರಿಗಿಂತ ಮೆಲ್ಲಗೆ ನಡೆಯುವವರ ವೇಗವೆಂಬುದಂತೂ ಇಲ್ಲವೇ ಇಲ್ಲ. ಸಾಲದ್ದಕ್ಕೆ, ಏರ್ಪಾಟು ಮಾಡಿದ್ದ ವಾಹನ ತಡವಾಗಿ ಬಂದದ್ದರಿಂದ ನಾವು ನಡೆಯಲು ತೊಡಗಿದಾಗ ನಡುಮಧ್ಯಾಹ್ನ ಕಳೆದಿತ್ತು.

ಮೊದಲ ಭಾಗ ಹಳ್ಳದ ದಂಡೆಯ ಸುಲಭದ ಹಾದಿ. ನಡುವಿನ ಗುರುತುಗಲ್ಲನ್ನು ತಲುಪುವ ಹೊತ್ತಿಗೆ ಮಳೆ ಹಿಡಿದಿತ್ತು. ನಮ್ಮಲ್ಲಿ ಹಿರಿಯರೊಬ್ಬರು ಇಲ್ಲಿಂದಲೇ ಹಿಂದಿರುಗೋಣ ಎಂದಾಗ ಮುಂದಾಳು, “ಅರ್ಧ ದಾರಿ ಮುಗಿಯಿತಲ್ಲ ಸರ್, ಹಿಂದೆ ಹೋದರೂ ಆರು ಕಿಲೋಮೀಟರ್, ಮುಂದೆ ಹೋದರೂ ಆರೇ” ಎಂದು ಮಾತು ಮುಗಿಸಿಬಿಟ್ಟರು. ಸುತ್ತುಹಾದಿಯಲ್ಲಿ ಜನರನ್ನು ಸಿಕ್ಕಿಸುವ ಮಾತು ಇದೇ. ದೂರ ಸಮವಾಗಿತ್ತು, ನಿಜ. ಆದರೆ 700 ಮೀಟರ್ ಏರಿನಲ್ಲಿ ನಾವು ಹತ್ತಿದ್ದು ಬರೀ 150 ಮೀಟರ್, ಉಳಿದ 550 ಮೀಟರ್ ಮುಂದಿತ್ತು, ಅಷ್ಟೂ ಎತ್ತರವನ್ನು ಮತ್ತೆ ಇಳಿಯುವುದು ಅದರಾಚೆಗಿತ್ತು. ಹಿಂದಿನ ಆರು ಕಿಲೋಮೀಟರ್ ನಾವು ಕಣ್ಣಾರೆ ಕಂಡ ದಾರಿ, ಮುಂದಿನದ್ದು ಮುಂದಾಳುವನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲದ ದಾರಿ. ಹೋಗಿ ಅದೇ ದಾರಿಯಲ್ಲಿ ಬರುವ ಚಾರಣದಲ್ಲಿ ಎಲ್ಲಿ ಬೇಕಾದರೂ ತಿರುಗಬಹುದು ಎಂಬ ಎಚ್ಚರ ಮನಸ್ಸಿನಲ್ಲಿರುತ್ತದೆ, ಸುತ್ತುಹಾದಿಯಲ್ಲಿ ಅದು ತಾನಾಗಿಯೇ ಮರೆಯಾಗುತ್ತದೆ.

ಏರು ಹತ್ತಿ ಮುಗಿದ ಮೇಲೆಯೇ ನಿಜವಾದ ಕಷ್ಟ ಶುರುವಾಯಿತು. ತರಗೆಲೆಯ ಕೆಳಗೆ ಅಡ್ಡಡ್ಡ ಹಾದುಹೋದ ಬೇರುಗಳು ಕಾಣುತ್ತಿರಲಿಲ್ಲ. ತೊಗಟೆ ಸವೆದು ನುಣುಪಾದ ಬೇರಿನ ಮೇಲೆ ನೀರು ಬಿದ್ದರೆ ಎಂಥ ಒಳ್ಳೆಯ ಬೂಟೂ ಹಿಡಿತ ಕಳೆದುಕೊಳ್ಳುತ್ತದೆ. ಅಂಥ ಒಂದು ಬೇರಿನ ಮೇಲೆ ಗೆಳತಿಯೊಬ್ಬಳ ಕಾಲು ಹೊರಳಿ ಪಾದದ ಗಂಟು ಊದಿಕೊಂಡಿತು. ಅಲ್ಲಿಂದಾಚೆಗೆ ಅವಳ ನಡಿಗೆಯೇ ಎಲ್ಲರ ನಡಿಗೆಯಾಯಿತು. ಸೂರ್ಯ ಎದುರಿನ ಬೆಟ್ಟದ ಹಿಂದೆ ಸರಿದರೆ ಕಣಿವೆಯಲ್ಲಿ ಮುಳುಗುವ ಹೊತ್ತಿಗೆ ಮುಂಚೆಯೇ ಬೆಳಕು ಇಳಿಯುತ್ತದೆ, ದಟ್ಟ ಮರಗಳ ಅಡಿಯಲ್ಲಂತೂ ಇನ್ನೂ ಬೇಗ. ಮರಗಳಿಗೆ ಬಳಿದಿದ್ದ ಬಣ್ಣದ ಗುರುತುಗಳು ಕಾಣದಾದವು. ಇಡೀ ಗುಂಪಿಗೆ ಇದ್ದದ್ದು ಎರಡೇ ಟಾರ್ಚು, ಏಕೆಂದರೆ ‘ಹಗಲಿನ ಚಾರಣ’ಕ್ಕೆ ತರಬೇಕಾದ ವಸ್ತುಗಳ ಪಟ್ಟಿಯಲ್ಲಿ ಟಾರ್ಚಿನ ಹೆಸರೇ ಇರಲಿಲ್ಲ.

ಕಾಲುನೋವಿಗಿಂತ ನಮ್ಮನ್ನು ಹೆಚ್ಚು ಹೆದರಿಸಿದ್ದು ಚಳಿ. ಪ್ರತಿ 1000 ಮೀಟರ್ ಎತ್ತರಕ್ಕೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಒದ್ದೆ ಬಟ್ಟೆಗೆ ಗಾಳಿಯೂ ಸೇರಿದರೆ, ಹಿಮಗಟ್ಟುವಷ್ಟು ಚಳಿ ಇಲ್ಲದಿದ್ದರೂ, ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯುವ ಹೈಪೋಥರ್ಮಿಯಾ ಬರಬಹುದು. ನಡೆಯದೆ ಕುಳಿತಿದ್ದ ಗೆಳತಿ ತನ್ನ ಚೀಲದ ಜಿಪ್ಪನ್ನು ಎಳೆಯಲು ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದಳು, ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಇದನ್ನು ದಣಿವೆಂದು ತಳ್ಳಿಹಾಕಬಾರದು. ಒಬ್ಬರ ಬಳಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟ ಒಣ ಸ್ವೆಟರ್ ಇತ್ತು. ಒದ್ದೆ ಅಂಗಿ ತೆಗೆಸಿ ಅದನ್ನು ತೊಡಿಸಿ, ಕೆಳಗೆ ಚೀಲ ಹಾಸಿ ಕೂರಿಸಿ, ಸಿಹಿ ತಿನ್ನಿಸಿದ ಮೇಲೆ ನಡುಕ ತಹಬಂದಿಗೆ ಬಂತು, ಬೆರಳುಗಳೂ ಮತ್ತೆ ಆಡತೊಡಗಿದವು.

ಅಷ್ಟರಲ್ಲಿ ಮುಂದಾಳು ಮತ್ತು ಇನ್ನಿಬ್ಬರು ಕವಲುದಾರಿಯೊಂದನ್ನು ದಾಟಿ ಕಣ್ಮರೆಯಾಗಿದ್ದರು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಬೆನ್ನುಚೀಲದ ಎದೆಪಟ್ಟಿಯ ಬಕಲ್ಲಿನಲ್ಲೇ ಪುಟ್ಟ ಸೀಟಿಯೊಂದು ಅಡಗಿರುವುದುಂಟು, ಅನೇಕರು ಅದನ್ನು ಗಮನಿಸಿಯೇ ಇರುವುದಿಲ್ಲ. ಒಂದು ನಿಮಿಷದಲ್ಲಿ ಆರು ಬಾರಿ ಊದಿ, ಒಂದು ನಿಮಿಷ ಸುಮ್ಮನಿದ್ದು ಮತ್ತೆ ಊದುವುದು ಬೆಟ್ಟಗಳಲ್ಲಿ ಸಹಾಯ ಕೋರುವ ಅಂತರರಾಷ್ಟ್ರೀಯ ಸಂಕೇತ. ಕೇಳಿಸಿಕೊಂಡವರು ಮೂರು ಬಾರಿ ಊದಿ ಉತ್ತರಿಸಬೇಕು. ಮುಂದೆ ಹೋದವರಿಗೆ ಸಂಕೇತ ಗೊತ್ತಿರಲಿಲ್ಲ, ಸದ್ದು ಕೇಳಿಯಷ್ಟೇ ಹಿಂದಿರುಗಿದರು. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಆದರೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ನಮ್ಮಲ್ಲಿ ಒಬ್ಬರು ಇಳಿಸಿಕೊಂಡಿದ್ದರು, ಆ ನಕ್ಷೆಯನ್ನು ಹಿಡಿದೇ ಕತ್ತಲಲ್ಲಿ ಹೊರಬಂದೆವು.

‘ಮಧ್ಯಮ’ ಎಂಬ ಶ್ರೇಣಿಗೆ ಎಲ್ಲೆಡೆಯೂ ಒಪ್ಪಿತವಾದ ಒಂದೇ ಅಳತೆಗೋಲಿಲ್ಲ. ಹಣ ಕಟ್ಟುವ ಮೊದಲು ಏರ್ಪಡಿಸುವವರನ್ನು ಕೇಳಿ: ಏರು ಸುತ್ತಿನ ಯಾವ ಭಾಗದಲ್ಲಿದೆ, ಯಾವ ದಿಕ್ಕಿನಲ್ಲಿ ಸುತ್ತುತ್ತೀರಿ, ಎಷ್ಟು ಗಂಟೆಯೊಳಗೆ ಯಾವ ಜಾಗ ತಲುಪದಿದ್ದರೆ ಹಿಂದಿರುಗುತ್ತೀರಿ? ಕೊನೆಯ ಪ್ರಶ್ನೆಗೆ ಗಡಿಯಾರದ ಹೊತ್ತನ್ನು ಹೇಳದೆ ‘ಅಲ್ಲಿ ನೋಡಿಕೊಳ್ಳೋಣ’ ಎಂದರೆ ಅವರೊಂದಿಗೆ ಹೋಗಬೇಡಿ. ಇದೇ ಪ್ರಶ್ನೆಗಳನ್ನು ನಾವು ಹಿಂದಿರುಗಿದ ಮೇಲೆ ಬರೆದು ಕಳಿಸಿದೆವು, ಉತ್ತರ ಬಂದಿಲ್ಲ. ಅದೇ ಹಾದಿಗೆ, ಅದೇ ನಾಲ್ಕು ಗಂಟೆಯ ಲೆಕ್ಕದೊಂದಿಗೆ, ಟಾರ್ಚಿಲ್ಲದ ಅದೇ ಪಟ್ಟಿಯೊಂದಿಗೆ ಮುಂದಿನ ಚಾರಣದ ಪ್ರಕಟಣೆ ಮಾತ್ರ ಬಂದಿದೆ.