ಮಲೆನಾಡಿನ ಮಳೆಗೆ ಯಾವ ಡ್ರಮ್ ಕಿಟ್ ತಡೆಯುತ್ತದೆ?

ಡ್ರಮ್ ಕಿಟ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಮರದ ಬಗ್ಗೆ. ಮೇಪಲ್ಲಾ, ಬರ್ಚಾ, ಪಾಪ್ಲರಾ ಅಂತ. ತೀರ್ಥಹಳ್ಳಿ, ಹೊಸನಗರದ ಕಡೆಯವರು ಕೇಳಿದರೆ ನಾನು ಹೇಳುವುದು ಒಂದೇ: ಮರ ಆಮೇಲೆ, ಮೊದಲು ಕಬ್ಬಿಣ ನೋಡಿ. ನಮ್ಮ ಮಳೆಗಾಲದಲ್ಲಿ ಮೊದಲು ಕೆಡುವುದು ಸ್ಕ್ರೂ, ಸ್ಪ್ರಿಂಗು, ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಕೆಳಗಿನ ತಂತಿ. ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಿಗೆ ಬಾರಿಸುತ್ತಾ ನಾನು ಮನೆಯಲ್ಲಿ ಸಾಕಿದ್ದು ಎರಡು ಮರದ ಕಿಟ್, ಒಂದು ಎಲೆಕ್ಟ್ರಾನಿಕ್ ಕಿಟ್. ಗೆಳೆಯನ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಕಿಟ್ ಕೂಡ ಒಂದು ಮಳೆಗಾಲ ನಮ್ಮಲ್ಲೇ ಇತ್ತು.

ಹೆಡ್‌ಗಳ, ಅಂದರೆ ಕೋಲು ಬೀಳುವ ಹೊದಿಕೆಯ ಬಗ್ಗೆ ಚಿಂತೆ ಬೇಡ. ತಮಟೆಯವರು ಹುಲ್ಲಿಗೆ ಬೆಂಕಿ ಕೊಟ್ಟು ಚರ್ಮ ಕಾಯಿಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ತೇವಕ್ಕೆ ಚರ್ಮ ಸಡಿಲವಾಗುತ್ತದೆ, ನಾದ ಇಳಿಯುತ್ತದೆ. ಡ್ರಮ್ ಕಿಟ್‌ನವರನ್ನು ಈ ಕಷ್ಟದಿಂದ ಪಾರು ಮಾಡಿದ್ದು ಪಾಲಿಯೆಸ್ಟರ್ ಹಾಳೆ. 1950ರ ದಶಕದ ಕೊನೆಯಲ್ಲಿ ರೆಮೋ, ಇವಾನ್ಸ್ ಕಂಪನಿಗಳು ಕರುವಿನ ಚರ್ಮದ ಬದಲು ಅದನ್ನು ಮಾರುಕಟ್ಟೆಗೆ ತಂದವು. ಆರಿದ್ರಾ ಮಳೆ ಹೊಡೆಯುತ್ತಿದ್ದರೂ ಅದರ ಶ್ರುತಿ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ.

ಇನ್ನು ಮರ. ಗಾಳಿಯ ತೇವಾಂಶ ಶೇ. 65 ಇದ್ದಾಗ ಮರ ತನ್ನ ತೂಕದ ಸುಮಾರು ಶೇ. 12ರಷ್ಟು ನೀರು ಹಿಡಿದಿರುತ್ತದೆ, ಶೇ. 90ಕ್ಕೆ ಏರಿದರೆ ಅದು ಶೇ. 20ರ ಹತ್ತಿರ ಹೋಗುತ್ತದೆ. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಮಳೆ, ಮತ್ತೆ ಏಪ್ರಿಲ್‌ನ ಬಿಸಿಲು. ಮರ ಉಬ್ಬುತ್ತಾ ಕುಗ್ಗುತ್ತಾ ಇರಲೇಬೇಕು. ಆದರೆ ಡ್ರಮ್ಮಿನ ಶೆಲ್, ಅಂದರೆ ಮರದ ದುಂಡು ಮೈ, ತೆಳು ಪದರಗಳನ್ನು ಅಡ್ಡ-ಉದ್ದ ಅಂಟಿಸಿ ಮಾಡಿದ್ದು. ಒಂದು ಪದರ ಹಿಗ್ಗಲು ಹೊರಟರೆ ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ನನ್ನ ಅಗ್ಗದ ಪಾಪ್ಲರ್ ಕಿಟ್ಟೂ ದುಬಾರಿ ಬರ್ಚ್ ಕಿಟ್ಟೂ ಆಕಾರ ಕೆಡಿಸಿಕೊಳ್ಳಲಿಲ್ಲ. ವ್ಯತ್ಯಾಸ ಕಂಡದ್ದು ಹೊರಮೈಯಲ್ಲಿ. ಪಾಪ್ಲರ್‌ಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯ ಜೋಡಣೆ ಬೇಸಿಗೆಯ ಸೆಕೆಗೆ ಅಂಟು ಬಿಟ್ಟು ಎದ್ದಿತು. ಬರ್ಚ್‌ನ ಲ್ಯಾಕರ್ ಮೆರುಗು ಹಾಗೇ ಇದೆ. ಶೆಲ್ ಒಳಗೆ ಮಾತ್ರ ಎರಡಕ್ಕೂ ಬೂಷ್ಟು ಹಿಡಿಯಿತು, ಯಾಕೆಂದರೆ ಒಳಮೈಗೆ ಎರಡರಲ್ಲೂ ಬಣ್ಣವಿಲ್ಲ. ಹೆಡ್ ಕೂರುವ ಅಂಚಿಗೆ ಜೇನುಮೇಣ ತಿಕ್ಕಿದ ಮೇಲೆ ಅಲ್ಲಿಗಾದರೂ ನೀರು ಇಳಿಯುವುದು ಕಡಿಮೆಯಾಗಿದೆ.

ಪಾಪ್ಲರ್ ಕಿಟ್ ಸೋತದ್ದು ಲೋಹದಲ್ಲಿ. ತೆಳು ಕ್ರೋಮಿನ ಕೆಳಗಿನಿಂದ ತುಕ್ಕು ಗುಳ್ಳೆಯಾಗಿ ಎದ್ದಿತು, ಹೆಡ್ ಬಿಗಿಯುವ ಟೆನ್ಷನ್ ರಾಡ್‌ಗಳು ಶೆಲ್ಲಿಗೆ ಕೂರಿಸಿದ ಲಗ್ ಎಂಬ ಹಿಡಿಕೆಯಲ್ಲೇ ಕಚ್ಚಿಕೊಂಡವು. ಶ್ರುತಿ ಮಾಡಲು ಕೀ ತಿರುಗಿಸಿದರೆ ರಾಡೇ ತುಂಡು. ಬರ್ಚ್‌ನಲ್ಲಿ ಲೇಪ ದಪ್ಪ. ಜತೆಗೆ ಸ್ಟೇನ್‌ಲೆಸ್ ರಾಡ್ ಹಾಕಿಸಿ, ಮೃಗಶಿರ ಮಳೆಗೆ ಮುಂಚೆ ರಾಡಿನ ಸ್ಕ್ರೂ ಎಳೆಗಳಿಗೆ ಗ್ರೀಸ್ ಸವರುತ್ತೇನೆ. ಸ್ನೇರ್ ತಂತಿ ಮಾತ್ರ ಯಾವ ಕಿಟ್‌ನದ್ದಾದರೂ ಉಳಿಯುವುದಿಲ್ಲ, ಅದು ಸೋಪು-ಶಾಂಪೂ ಥರ ತಿಂಗಳ ಸಾಮಾನಿನ ಪಟ್ಟಿಗೆ ಸೇರಿಸಿಕೊಳ್ಳಬೇಕಾದ್ದು. ಸಿಂಬಲ್‌ಗಳಿಗೆ ಕಿಲುಬು ಬರುತ್ತದೆ, ಬರಲಿ. ಒಳ್ಳೆಯವು ಶೇ. 80 ತಾಮ್ರ, ಶೇ. 20 ತವರದ ಕಂಚು. ಕಿಲುಬಿಗೆ ಸ್ವರ ಸ್ವಲ್ಪ ಮಂದವಾಗುತ್ತದೆ, ಅದನ್ನೇ ಇಷ್ಟಪಡುವವರಿದ್ದಾರೆ. ನಮ್ಮಮ್ಮ ದೇವರ ಪಾತ್ರೆಗಳ ಜತೆ ಹುಣಸೆಹಣ್ಣು ಹಚ್ಚಿ ತಿಕ್ಕಲು ಹೊರಟಿದ್ದರು, ತಡೆದೆ.

ಅಕ್ರಿಲಿಕ್ ನೀರು ಕುಡಿಯುವುದಿಲ್ಲ, ಬೂಷ್ಟು ಒರೆಸಿದರೆ ಹೋಯಿತು. ಆದರೆ ತೂಕ ಜಾಸ್ತಿ, ಬೆಲೆ ಜಾಸ್ತಿ, ತೂತು ಕೊರೆದ ಜಾಗದಲ್ಲಿ ಬಿರುಕಿನ ಭಯ. ರಾಡು, ಸ್ಟ್ಯಾಂಡುಗಳು ಅದೇ ಕಬ್ಬಿಣದವು. ಘಾಟಿ ರಸ್ತೆಯಲ್ಲಿ ಜೀಪಿನ ಹಿಂದೆ ಹಾಕಿಕೊಂಡು ಓಡಾಡುವವರಿಗೆ ನಾನು ಹೇಳುವುದಿಲ್ಲ.

ಎಲೆಕ್ಟ್ರಾನಿಕ್ ಕಿಟ್ ಬೇರೆಯೇ ಲೆಕ್ಕ. ರೋಲ್ಯಾಂಡ್ 1997ರಲ್ಲಿ ಮೆಷ್ ಹೆಡ್ಡಿನ, ಅಂದರೆ ಬಲೆಯ ಹೊದಿಕೆಯ ಪ್ಯಾಡ್ ತಂದ ಮೇಲೆ ಕೋಲು ಪುಟಿಯುವ ಅನುಭವ ನಿಜವಾದ ಡ್ರಮ್ಮಿಗೆ ಹತ್ತಿರ ಬಂದಿದೆ. ಮರ ಉಬ್ಬುವ ಕಾಟವಿಲ್ಲ, ರಾತ್ರಿ ಹೆಡ್‌ಫೋನ್ ಹಾಕಿ ಬಾರಿಸಬಹುದು. ಹಲಗೆ ಹಾಸಿದ ಮಾಳಿಗೆಯಲ್ಲಿ ಇಟ್ಟರೆ ಮಾತ್ರ ಬೇಸ್ ಪೆಡಲಿನ ಗುದ್ದು ಕೆಳಗೆ ಮಲಗಿದವರ ಎದೆಗೇ ಇಳಿಯುತ್ತದೆ. ತೇವ ಇದರ ವೈರು ಚುಚ್ಚುವ ಜ್ಯಾಕ್‌ಗಳಿಗೆ ಹತ್ತುತ್ತದೆ: ಒಂದು ಪ್ಯಾಡ್ ನಡುವೆ ಮೌನವಾಗುತ್ತದೆ, ಪಿನ್ ನಾಲ್ಕು ಸಲ ತಿರುಗಿಸಿದರೆ ಮತ್ತೆ ಮಾತಾಡುತ್ತದೆ. ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತು ಚಾಲೂ ಇಟ್ಟರೆ ಸದ್ದು ಹುಟ್ಟಿಸುವ ಪೆಟ್ಟಿಗೆಯಾದ ಮಾಡ್ಯೂಲಿನ ಬಿಸಿಗೇ ಒಳಗಿನ ತೇವ ಆರುತ್ತದೆ. ದೊಡ್ಡ ಶತ್ರು ಏಪ್ರಿಲ್-ಮೇ ತಿಂಗಳ ಗುಡುಗು. ಸಿಡಿಲು ಬಡಿದು ಲೈನಿನಲ್ಲಿ ಬಂದರೆ ಸ್ಟೆಬಿಲೈಸರೂ ಕಾಯುವುದಿಲ್ಲ. ಮೋಡ ಕಂಡ ಕೂಡಲೇ ಪ್ಲಗ್ ಕೀಳಬೇಕು. ಕರೆಂಟು ಹೋದ ಸಂಜೆ ಅದು ಬರೀ ರಬ್ಬರು, ಬಲೆ.

ನನ್ನ ಆಯ್ಕೆ ಹೀಗೆ. ಭದ್ರಾವತಿ, ಶಿವಮೊಗ್ಗ ಪೇಟೆಯವರಿಗೆ ಘಟ್ಟದ ಮೇಲಿನ ತೇವದ ಕಾಟ ಅಷ್ಟಿಲ್ಲ, ಯಾವ ಮರದ ಕಿಟ್ ಆದರೂ ನಡೆಯುತ್ತದೆ. ತೀರ್ಥಹಳ್ಳಿಯಿಂದ ಮೇಲಕ್ಕೆ, ಸ್ಟೇಜಿನ ಕೆಲಸ ಇದ್ದರೆ ಲ್ಯಾಕರ್ ಹಚ್ಚಿದ ಬರ್ಚ್. ಮನೆಯ ಅಭ್ಯಾಸಕ್ಕಷ್ಟೇ ಆದರೆ ಮೆಷ್ ಪ್ಯಾಡಿನ ಎಲೆಕ್ಟ್ರಾನಿಕ್. ಹಣ ಒಂದಕ್ಕೇ ಇದ್ದರೆ ಸೆಕೆಂಡ್ ಹ್ಯಾಂಡ್ ಬರ್ಚ್ ಹುಡುಕಿ. ನೋಡಲು ಹೋದಾಗ ನೆಲದ ಮೇಲೆ ಕಾಲೂರಿ ನಿಲ್ಲುವ ಫ್ಲೋರ್ ಟಾಮ್ ಡ್ರಮ್ಮಿನ ಕೆಳಗಿನ ರಾಡ್ ಒಂದನ್ನು ಪೂರ್ತಿ ಬಿಚ್ಚಿಸಿ, ಎಳೆ ನೋಡಿ. ಹೊರಗೆ ಮಿಂಚುತ್ತಿದ್ದು ಎಳೆಯಲ್ಲಿ ಕೆಂಪು ಪುಡಿ ಉದುರಿದರೆ, ಅಷ್ಟೂ ರಾಡುಗಳ ಹೊಸ ಬೆಲೆಯನ್ನು ಅಲ್ಲೇ ಕಳೆದು ಮಾತಾಡಿ.