ವಿಂಡೋಸ್ 11ರ ಪವರ್ ಬಟನ್: ನಮ್ಮ ಕಡೆಯ ಕರೆಂಟಿಗೆ ಯಾವುದು ಸರಿ, ಸ್ಲೀಪೋ ಶಟ್ ಡೌನೋ?

ಸ್ಟಾರ್ಟ್ ಮೆನುವಿನ ಮೂಲೆಯಲ್ಲಿರುವ ಪವರ್ ಗುರುತು ಒತ್ತಿದರೆ ಸ್ಲೀಪ್, ಶಟ್ ಡೌನ್, ರೀಸ್ಟಾರ್ಟ್ ಎಂದು ಮೂರು ಹೆಸರು ಕಾಣುತ್ತವೆ. ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ನಾಲ್ಕನೆಯದು, ಹೈಬರ್ನೇಟ್ (ತೆರೆದ ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಆರುವುದು), ಬಹಳಷ್ಟು ಕಂಪ್ಯೂಟರುಗಳಲ್ಲಿ ಆ ಸಾಲಿನಲ್ಲಿ ಇರುವುದೇ ಇಲ್ಲ. ವರ್ಷವಿಡೀ ಕರೆಂಟ್ ಅಲುಗದ ಊರಿನಲ್ಲಿ ಕೂತು ಮಾಡಿದ ಮೆನು ಅದು. ಏಪ್ರಿಲ್ ಸಂಜೆ ಗಾಳಿ ಎದ್ದರೆ ಲೈಟು ಏಳರೊಳಗೆ ನಾಲ್ಕು ಸಲ ಹೋಗಿ ಬರುವ ಹುಬ್ಬಳ್ಳಿ-ಧಾರವಾಡದಲ್ಲಿ, ಪಂಪ್‌ಸೆಟ್ ಚಾಲೂ ಆದೊಡನೆ ವೋಲ್ಟೇಜ್ ಕುಸಿಯುವ ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಈ ಮೆನುವನ್ನು ಬೇರೆಯದೇ ಕಣ್ಣಿನಿಂದ ನೋಡಬೇಕಾಗುತ್ತದೆ.

ಮೊದಲು ಬಿಲ್ಲಿನ ಮಾತು, ಮನೆಯಲ್ಲಿ ಜಗಳ ಶುರುವಾಗುವುದೇ ಅಲ್ಲಿಂದ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಡೆಸ್ಕ್‌ಟಾಪ್ ಮಾನಿಟರ್ ಸೇರಿ ಸುಮ್ಮನೆ ಚಾಲೂ ಇದ್ದಾಗ 50 ವ್ಯಾಟ್ ಆಸುಪಾಸು ಎಳೆಯುತ್ತದೆ. ಸ್ಲೀಪ್‌ನಲ್ಲಿ ಸುಮಾರು 3 ವ್ಯಾಟ್. ಶಟ್ ಡೌನ್ ಮಾಡಿ ಗೋಡೆಯ ಸ್ವಿಚ್ ಹಾಗೇ ಬಿಟ್ಟರೆ 1 ವ್ಯಾಟ್. ದಿನಕ್ಕೆ 8 ತಾಸು ಬಳಕೆ ಎಂದು ಹಿಡಿದು ಉಳಿದ 16 ತಾಸಿಗೆ ಲೆಕ್ಕ ಹಾಕಿದರೆ, ಚಾಲೂ ಬಿಟ್ಟದ್ದಕ್ಕೆ ತಿಂಗಳಿಗೆ 24 ಯೂನಿಟ್, ಸ್ಲೀಪ್‌ಗೆ ಒಂದೂವರೆ, ಶಟ್ ಡೌನ್‌ಗೆ ಅರ್ಧ. ಸ್ಲೀಪ್‌ಗೂ ಶಟ್ ಡೌನ್‌ಗೂ ನಡುವೆ ಇರುವುದು ಒಂದೇ ಯೂನಿಟ್. ಆರೇಳು ರೂಪಾಯಿ, ಒಂದು ಮಿರ್ಚಿ ಭಜಿಯೂ ಬರುವುದಿಲ್ಲ. ಆ 24 ಯೂನಿಟ್ ಮಾತ್ರ ಹಗುರವಲ್ಲ. ಗೃಹಜ್ಯೋತಿಯಲ್ಲಿ ಪುಕ್ಕಟೆ ಸಿಗುವುದು 2022-23ರ ನಿಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ. 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಅದರ ಬದಲು 10 ಯೂನಿಟ್). ಸರಾಸರಿ 80 ಇದ್ದ ಮನೆಗೆ 88 ಯೂನಿಟ್, ಅಂದರೆ ಕೈಸಡಿಲಕ್ಕೆ ಉಳಿಯುವುದು ಬರೀ 8. ರಾತ್ರಿಯಿಡೀ ಚಾಲೂ ಬಿಟ್ಟ ಕಂಪ್ಯೂಟರ್ ಒಂದೇ ಅದನ್ನು ಮೂರು ಪಟ್ಟು ತಿಂದು ಹಾಕುತ್ತದೆ, ಹೆಚ್ಚಾದ ಯೂನಿಟ್‌ಗಳ ದುಡ್ಡು ಹೆಸ್ಕಾಂ ಬಿಲ್ಲಿನಲ್ಲಿ ಬರುತ್ತದೆ. ಒಟ್ಟು 200 ದಾಟಿದರಂತೂ ಪೂರ್ತಿ ಬಿಲ್ ಕಟ್ಟಬೇಕು. ಹೀಗಾಗಿ ದುಡ್ಡಿನ ವಿಷಯದಲ್ಲಿ ತಪ್ಪು ಒಂದೇ: ಏನೂ ಮಾಡದೆ ಎದ್ದು ಹೋಗುವುದು.

ಈಗ ಸ್ಲೀಪ್. ಒತ್ತಿದೊಡನೆ ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲ ನಿಲ್ಲುತ್ತವೆ. ತೆರೆದಿಟ್ಟ ಕಡತ, ಬ್ರೌಸರ್ ಟ್ಯಾಬು ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲಿ ಉಳಿಯುತ್ತವೆ, ಆ ರ‍್ಯಾಮ್‌ಗೆ ಎಸ್‌ಎಂಪಿಎಸ್‌ನ (ಕ್ಯಾಬಿನೆಟ್ ಒಳಗೆ ಕರೆಂಟ್ ಪೂರೈಸುವ ಪೆಟ್ಟಿಗೆ) ಸ್ಟ್ಯಾಂಡ್‌ಬೈ ಲೈನಿನಿಂದ ಕರೆಂಟ್ ಹರಿಯುತ್ತಿರುತ್ತದೆ. ಕ್ಯಾಬಿನೆಟ್ಟಿನ ದೀಪ ನಿಧಾನ ಮಿನುಗುತ್ತಿದ್ದರೆ, ಮೌಸಿನ ಹೊಟ್ಟೆಯ ಕೆಂಪು ಬೆಳಕು ಇನ್ನೂ ಉರಿಯುತ್ತಿದ್ದರೆ ಅದು ಈ ಸ್ಥಿತಿ. ಎದ್ದೇಳಲು ಎರಡು ಮೂರು ಸೆಕೆಂಡ್ ಸಾಕು. ಮಧ್ಯಾಹ್ನ ರೊಟ್ಟಿ ತಿಂದು ಬರುವಷ್ಟು ಹೊತ್ತಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು ಲೈಟು ಹೋಗಿ ಬಂದರೂ ಮಲಗಿದ ಕಂಪ್ಯೂಟರ್ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಎಸ್‌ಎಂಪಿಎಸ್‌ನ ದೊಡ್ಡ ಕೆಪಾಸಿಟರ್ 3 ವ್ಯಾಟ್ ಹೊರೆಯನ್ನು ತುಸು ಹೊತ್ತು ಹೊರಬಲ್ಲದು. ಭರ್ತಿ ಹೊರೆಯಲ್ಲಿ ಅದೇ ಕೆಪಾಸಿಟರ್ ತಾಳುವುದು 16 ಮಿಲಿಸೆಕೆಂಡಿನ ಆಸುಪಾಸು.

ಹತ್ತು ನಿಮಿಷ ಹೋದರೆ? ಯುಪಿಎಸ್ ಇಲ್ಲದಿದ್ದರೆ ರ‍್ಯಾಮ್ ಖಾಲಿ, ಉಳಿಸದ ಕೆಲಸ ಹೋಯಿತು. ಯುಪಿಎಸ್ ಇದ್ದರೂ ಇಲ್ಲೊಂದು ಸೂಕ್ಷ್ಮವಿದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಮನೆಗಳಲ್ಲಿ ಸಾಮಾನ್ಯವಾಗಿರುವುದು 600 ವಿಎ, 360 ವ್ಯಾಟ್‌ನ ಯುಪಿಎಸ್, ಒಳಗೆ 12 ವೋಲ್ಟ್ 7 ಎಎಚ್ ಬ್ಯಾಟರಿ. ಚಾಲೂ ಇರುವ ಕಂಪ್ಯೂಟರನ್ನು ಹತ್ತು ಹದಿನೈದು ನಿಮಿಷ ಎಳೆಯುವ ಇದು ಮಲಗಿದ ಕಂಪ್ಯೂಟರನ್ನು ತಾಸುಗಟ್ಟಲೆ ಕಾಯುತ್ತದೆ ಎಂದು ಅನಿಸುವುದು ಸಹಜ. ಆದರೆ ಕೆಲವು ಮಾದರಿಗಳಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆಯೊಂದು ಇರುತ್ತದೆ: ಹೊರೆ ತೀರಾ ಕಡಿಮೆ ಇದ್ದರೆ ಏನೂ ಜೋಡಿಸಿಲ್ಲ ಎಂದುಕೊಂಡು ಕೆಲವು ನಿಮಿಷಕ್ಕೆ ತಾನೇ ಬಂದ್ ಆಗುತ್ತದೆ. 3 ವ್ಯಾಟ್ ಅದರ ಲೆಕ್ಕಕ್ಕೆ ಸೊನ್ನೆ. ನಿಮ್ಮದು ಎಂಥದ್ದು ಎಂದು ತಿಳಿಯಲು ಎಲ್ಲ ಕೆಲಸ ಸೇವ್ ಮಾಡಿ, ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ, ಯುಪಿಎಸ್ ಹೋಗುವ ಗೋಡೆಯ ಸ್ವಿಚ್ ಆರಿಸಿ 20 ನಿಮಿಷ ಬಿಡಿ. ಬೀಪ್ ನಿಂತು ದೀಪ ಆರಿದ್ದರೆ ಆ ಯುಪಿಎಸ್ ನಂಬಿ ಸ್ಲೀಪ್ ಮಾಡಬೇಡಿ.

ಇದಕ್ಕೆ ಮದ್ದು ವಿಂಡೋಸ್‌ನಲ್ಲೇ ಇದೆ, ಹೆಸರು ಹೈಬ್ರಿಡ್ ಸ್ಲೀಪ್. ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕಿಗೂ ಒಂದು ಪ್ರತಿ ಬರೆದು ಆಮೇಲೆ ಮಲಗುತ್ತದೆ. ಕರೆಂಟ್ ಉಳಿದರೆ ತಟ್ಟನೆ ಏಳುತ್ತದೆ, ಹೋದರೆ ಡಿಸ್ಕಿನಿಂದ ಎತ್ತಿಕೊಳ್ಳುತ್ತದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಚೇಂಜ್ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೋಗಿ ಸ್ಲೀಪ್ ಎನ್ನುವ ಗಂಟು ಬಿಚ್ಚಿದರೆ ‘ಅಲೌ ಹೈಬ್ರಿಡ್ ಸ್ಲೀಪ್’ ಸಿಗುತ್ತದೆ, ಆನ್ ಇರಲಿ. ಅಲ್ಲೇ ಕೆಳಗಿನ ‘ಅಲೌ ವೇಕ್ ಟೈಮರ್ಸ್’ ಅನ್ನು ಡಿಸೇಬಲ್ ಮಾಡಿದರೆ ನಡುರಾತ್ರಿ ಅಪ್‌ಡೇಟ್‌ಗೆಂದು ಕಂಪ್ಯೂಟರ್ ತಾನಾಗಿ ಎದ್ದು ಕೂರುವುದು ನಿಲ್ಲುತ್ತದೆ. ಆದರೂ ಏಳುತ್ತಿದ್ದರೆ ಮೌಸನ್ನು ಸಂಶಯಿಸಿ: ಟೇಬಲ್ ಅಲುಗಿದರೆ, ಇಲಿ ಓಡಿದರೆ ಸಾಕು. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸಿನ ಪ್ರಾಪರ್ಟೀಸ್, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಕಂಪ್ಯೂಟರನ್ನು ಎಬ್ಬಿಸುವ ಅನುಮತಿಯ ಗುರುತು ತೆಗೆಯಿರಿ. ಕೀಬೋರ್ಡ್‌ಗೆ ಅದನ್ನು ಉಳಿಸಿ, ಇಲ್ಲದಿದ್ದರೆ ಎಬ್ಬಿಸಲು ಪ್ರತಿ ಸಲ ಬಗ್ಗಿ ಕ್ಯಾಬಿನೆಟ್ ಬಟನ್ ಹುಡುಕಬೇಕಾಗುತ್ತದೆ.

ಎದ್ದ ಮೇಲೆ ಪರದೆ ಕಪ್ಪಗೇ ಇದ್ದರೆ ಗಾಬರಿಯಾಗಿ ಬಟನ್ ಹಿಡಿದು ಒತ್ತುವ ಮೊದಲು ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀಲಿ ಒಟ್ಟಿಗೆ ಒತ್ತಿ ನೋಡಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಚಾಲೂ ಆಗುತ್ತದೆ, ಬಹಳ ಸಲ ಚಿತ್ರ ಬರುತ್ತದೆ. ಎದ್ದೇಳುವ ಬದಲು ಪ್ರತಿ ಸಲ ಹೊಸದಾಗಿ ಬೂಟ್ ಆಗುತ್ತಿದ್ದರೆ ಮಾತ್ರ ವಿಷಯ ಬೇರೆ, ಅನುಮಾನ ಎಸ್‌ಎಂಪಿಎಸ್ ಮೇಲೆ. 24 ಪಿನ್ ಕನೆಕ್ಟರ್‌ನಲ್ಲಿ ನೇರಳೆ ಬಣ್ಣದ ಒಂದೇ ಒಂದು ವಯರ್ ಇರುತ್ತದೆ, ಸ್ಟ್ಯಾಂಡ್‌ಬೈ 5 ವೋಲ್ಟ್ ಅದೇ. ಕಂಪ್ಯೂಟರ್ ಮಲಗಿದ್ದಾಗ ಮಲ್ಟಿಮೀಟರ್ ಹಿಡಿದರೆ 4.75 ಮತ್ತು 5.25ರ ನಡುವೆ ತೋರಿಸಬೇಕು. ಕಡಿಮೆ ಇದ್ದರೆ ಆ ಭಾಗದ ಕೆಪಾಸಿಟರ್ ಒಣಗಿರಬಹುದು. ಕ್ಯಾಬಿನೆಟ್ ಜೊತೆ ಪುಕ್ಕಟೆ ಎಂಬಂತೆ ಬರುವ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಮೊದಲು ಸಾಯುವ ಭಾಗಗಳಲ್ಲಿ ಇದೊಂದು, ಯಾಕೆಂದರೆ ಗೋಡೆಯ ಸ್ವಿಚ್ ಹಾಕಿರುವಷ್ಟು ಹೊತ್ತೂ ಅದು ದುಡಿಯುತ್ತಿರುತ್ತದೆ. ನೀವು ಸ್ಲೀಪ್ ಮಾಡಿ, ಶಟ್ ಡೌನ್ ಮಾಡಿ, ಅದಕ್ಕೆ ರಜೆಯಿಲ್ಲ. ‘ಸ್ಲೀಪ್ ಮಾಡಿ ಮಾಡಿ ಕೆಟ್ಟಿತು’ ಎನ್ನುವುದರಲ್ಲಿ ಅಷ್ಟೇನೂ ಹುರುಳಿಲ್ಲ.

ಹೈಬರ್ನೇಟ್‌ಗೆ ಬರೋಣ. ರ‍್ಯಾಮ್‌ನಲ್ಲಿದ್ದದ್ದನ್ನೆಲ್ಲ ಡಿಸ್ಕಿಗೆ ಬರೆದು ಕಂಪ್ಯೂಟರ್ ನಿಜಕ್ಕೂ ಆರುತ್ತದೆ. ಪ್ಲಗ್ ಕಿತ್ತು ಎರಡು ದಿನ ಹೊರಗಿಟ್ಟರೂ ಬಂದಾಗ ಅದೇ ಕಡತ ಅದೇ ಸಾಲಿನಲ್ಲಿ ತೆರೆದಿರುತ್ತದೆ. ಎಸ್‌ಎಸ್‌ಡಿ ಇದ್ದರೆ ಎದ್ದೇಳಲು 15ರಿಂದ 25 ಸೆಕೆಂಡ್, ಹಳೆಯ ಹಾರ್ಡ್‌ಡಿಸ್ಕ್ ಆದರೆ ಒಂದು ನಿಮಿಷ ದಾಟಬಹುದು. ಮುದ್ರಣಕ್ಕೆ ಹೆಸರಾದ ಗದಗದಲ್ಲಿ ಡಿಟಿಪಿ ಕೆಲಸ ಮನೆಯಲ್ಲೇ ಮಾಡುವವರಿಗೆ, ಲಗ್ನಪತ್ರಿಕೆ ಅರ್ಧಕ್ಕೆ ಬಿಟ್ಟು ಏಳಬೇಕಾದವರಿಗೆ ಹೇಳಿ ಮಾಡಿಸಿದ್ದು.

ಮೆನುವಿನಲ್ಲಿ ಅದನ್ನು ತೋರಿಸಿಕೊಳ್ಳುವುದು ಹೀಗೆ: ಪವರ್ ಆಪ್ಶನ್ಸ್‌ನಲ್ಲಿ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’, ಅಲ್ಲಿ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಒತ್ತಿದರೆ ಕೆಳಗಿನ ಮಸುಕಾದ ಸಾಲುಗಳಿಗೆ ಜೀವ ಬರುತ್ತದೆ. ಹೈಬರ್ನೇಟ್ ಮುಂದೆ ಗುರುತು ಹಾಕಿ ಸೇವ್ ಮಾಡಿ. ಆ ಸಾಲೇ ಇಲ್ಲದಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಪಿ-ಓ-ಡಬ್ಲ್ಯೂ-ಇ-ಆರ್-ಸಿ-ಎಫ್-ಜಿ ಎಂದು ಬಿಡದೆ ಟೈಪಿಸಿ, ಒಂದು ಸ್ಪೇಸ್ ಬಿಟ್ಟು ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಓರೆಗೆರೆ, ಅದಕ್ಕೆ ಅಂಟಿಸಿ ಎಚ್, ಮತ್ತೊಂದು ಸ್ಪೇಸ್, ಓ-ಎನ್. ಎಂಟರ್ ಒತ್ತಿದಾಗ ಏನೂ ಉತ್ತರ ಬರದಿದ್ದರೆ ಆಯಿತು ಎಂದು ತಿಳಿಯಿರಿ.

ಇದಕ್ಕೆ ತಗಲುವ ಬೆಲೆ ಸಿ ಡ್ರೈವ್‌ನಲ್ಲಿ ಜಾಗ. ಹೈಬರ್ನೇಟ್ ಬರೆದಿಡುವ ಕಡತದ ಗಾತ್ರ ಸಾಮಾನ್ಯವಾಗಿ ರ‍್ಯಾಮ್‌ನ ಶೇ. 40, ಅಂದರೆ 8 ಜಿಬಿಗೆ 3.2 ಜಿಬಿ. ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಎಂಬ ಹೆದರಿಕೆಗೂ ಲೆಕ್ಕವಿದೆ. ಕಿಂಗ್‌ಸ್ಟನ್ ಎ400ರ 240 ಜಿಬಿ ಮಾದರಿಗೆ ಕಂಪನಿ ಹೇಳುವ ಬರಹದ ಮಿತಿ 80 ಟಿಬಿ. ದಿನಕ್ಕೆರಡು ಸಲ ಹೈಬರ್ನೇಟ್ ಮಾಡಿ ಪ್ರತಿ ಸಲ 3 ಜಿಬಿ ಬರೆದರೂ, ಇದೊಂದರಿಂದಲೇ ಆ ಮಿತಿ ಮುಟ್ಟಲು 36 ವರ್ಷ ಬೇಕು. ನಿಜವಾದ ಎಚ್ಚರಿಕೆ ಬೇರೆ: ಹೈಬರ್ನೇಟ್ ಸ್ಥಿತಿಯಲ್ಲಿ ರ‍್ಯಾಮ್ ಬದಲಿಸುವುದು, ಆ ಡಿಸ್ಕನ್ನು ಕಿತ್ತು ಇನ್ನೊಂದಕ್ಕೆ ಹಾಕಿ ಬರೆಯುವುದು ಮಾಡಬೇಡಿ. ಹಳೆಯ ಯುಪಿಎಸ್ ಬ್ಯಾಟರಿ, ಹಳೆಯ ಹಾರ್ಡ್‌ಡಿಸ್ಕ್ ಎರಡೂ ಸೇರಿದ್ದರೆ ಕರೆಂಟ್ ಹೋದ ಮೇಲೆ ಹೈಬರ್ನೇಟ್ ಬರೆಯುತ್ತಿರುವಾಗಲೇ ಬ್ಯಾಟರಿ ಕೈಬಿಡಬಹುದು. ಇಂಥ ಬ್ಯಾಟರಿಯ ಆಯುಷ್ಯ ಎರಡು ಮೂರು ವರ್ಷ, ಅಷ್ಟೇ.

ಹೊಸ ಯುಪಿಎಸ್ ಕೊಳ್ಳುವವರಿದ್ದರೆ ಹಿಂಭಾಗದಲ್ಲಿ ಯುಎಸ್‌ಬಿ ಡೇಟಾ ಪೋರ್ಟ್ ಇದೆಯೇ ನೋಡಿ, ತುಸು ಹೆಚ್ಚು ಕೊಟ್ಟರೂ ಚಿಂತೆಯಿಲ್ಲ. ಕೇಬಲ್ ಜೋಡಿಸಿದರೆ ಸಾಮಾನ್ಯವಾಗಿ ವಿಂಡೋಸ್ ಅದನ್ನು ಲ್ಯಾಪ್‌ಟಾಪ್ ಬ್ಯಾಟರಿಯಂತೆ ಗುರುತಿಸುತ್ತದೆ. ‘ಕ್ರಿಟಿಕಲ್ ಬ್ಯಾಟರಿ ಆ್ಯಕ್ಷನ್’ ಹೈಬರ್ನೇಟ್ ಎಂದು ಕೊಟ್ಟರೆ ಮನೆಯಲ್ಲಿ ಯಾರಿಲ್ಲದಿದ್ದರೂ ಕೆಲಸ ಉಳಿಯುತ್ತದೆ. ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆಸುವ ಮನೆಗಳಲ್ಲಿ ಇನ್ವರ್ಟರಿನ ಸ್ವಿಚ್ ‘ಯುಪಿಎಸ್’ ಕಡೆ ಇರಲಿ. ‘ಇಕೋ’ ಅಥವಾ ‘ನಾರ್ಮಲ್’ ಕಡೆ ಇದ್ದರೆ ಬದಲಾವಣೆಗೆ ಹೆಚ್ಚು ಮಿಲಿಸೆಕೆಂಡ್ ಹಿಡಿಯುತ್ತದೆ, ಫ್ಯಾನಿಗೆ ತಿಳಿಯದು, ಕಂಪ್ಯೂಟರಿಗೆ ತಿಳಿಯುತ್ತದೆ.

ಶಟ್ ಡೌನ್ ಬಗ್ಗೆ ನಮ್ಮ ತಕರಾರು ದೊಡ್ಡದು, ಹೆಸರಿಗೆ ತಕ್ಕ ಕೆಲಸ ಅದು ಮಾಡುವುದಿಲ್ಲ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಟಿನಲ್ಲಿ ನಿಮ್ಮ ಪ್ರೋಗ್ರಾಮ್‌ಗಳಷ್ಟೇ ಮುಚ್ಚುತ್ತವೆ, ವಿಂಡೋಸ್‌ನ ತಿರುಳು ಮತ್ತು ಡ್ರೈವರ್‌ಗಳು ಡಿಸ್ಕಿಗೆ ಇಳಿದು ಮರುದಿನ ಹಾಗೇ ಮೇಲೇಳುತ್ತವೆ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಸಿಪಿಯು ನೋಡಿ. ಪ್ರತಿ ರಾತ್ರಿ ಬಂದ್ ಮಾಡುವ ಕಂಪ್ಯೂಟರಿನಲ್ಲೂ ‘ಅಪ್ ಟೈಮ್’ ಮುಂದೆ ಹತ್ತು ಹನ್ನೊಂದು ದಿನ ಇರಬಹುದು. ಪ್ರಿಂಟರ್ ಸಿಗದೆ ಮೂರು ಸಲ ಬಂದ್ ಮಾಡಿ ಚಾಲೂ ಮಾಡಿದರೂ ಸರಿಹೋಗದ್ದು ಒಂದು ರೀಸ್ಟಾರ್ಟ್‌ಗೆ ಸರಿಹೋಗುವುದು ಇದೇ ಕಾರಣಕ್ಕೆ, ರೀಸ್ಟಾರ್ಟ್ ಎಲ್ಲವನ್ನೂ ಹೊಸದಾಗಿ ಲೋಡ್ ಮಾಡುತ್ತದೆ. ಹುಬ್ಬಳ್ಳಿ ವಿದ್ಯಾನಗರದ ಎಂಜಿನಿಯರಿಂಗ್ ಹುಡುಗರು ಒಂದೇ ಡಿಸ್ಕಿನಲ್ಲಿ ಉಬುಂಟು ಹಾಕಿಕೊಂಡು, ವಿಂಡೋಸ್ ಡ್ರೈವ್‌ಗೆ ಕಡತ ಬರೆಯಲು ಆಗುತ್ತಿಲ್ಲ ಎಂದು ಪರದಾಡುವುದರ ಹಿಂದೆಯೂ ಹೆಚ್ಚಾಗಿ ಇದೇ ಇರುತ್ತದೆ. ಎಸ್‌ಎಸ್‌ಡಿ ಇದ್ದರೆ ಫಾಸ್ಟ್ ಸ್ಟಾರ್ಟಪ್‌ನಿಂದ ಉಳಿಯುವುದು ಕೆಲವೇ ಸೆಕೆಂಡ್. ಹೈಬರ್ನೇಟ್ ಗುರುತು ಹಾಕಿದ ಅದೇ ಪುಟದಲ್ಲಿ ಇದರ ಗುರುತು ತೆಗೆದುಬಿಡಿ. ತೆಗೆಯಲು ಮನಸ್ಸಿಲ್ಲದಿದ್ದರೆ ಶಿಫ್ಟ್ ಹಿಡಿದು ಶಟ್ ಡೌನ್ ಒತ್ತಿ, ಆಗ ಪೂರ್ತಿ ಬಂದ್ ಆಗುತ್ತದೆ. ಸ್ಲೀಪ್, ಹೈಬರ್ನೇಟ್‌ಗಳಲ್ಲೇ ದಿನ ದೂಡುವವರೂ ವಾರಕ್ಕೊಂದು ರೀಸ್ಟಾರ್ಟ್ ಮಾಡಲೇಬೇಕು.

ರಾತ್ರಿ ಬೋರ್ಡ್ ಸ್ವಿಚ್ಚನ್ನೂ ಆರಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಹಿರಿಯರದ್ದು. ತಪ್ಪಲ್ಲ, ಆದರೆ ಸ್ವಿಚ್ ಆರಿದಾಗ ಗಡಿಯಾರ ನಡೆಯುವುದು ಮದರ್‌ಬೋರ್ಡ್‌ನ ನಾಣ್ಯದಂಥ ಸಿಆರ್2032 ಬ್ಯಾಟರಿಯಿಂದ. ಅದು ಬೇಗ ಇಳಿಯುತ್ತದೆ. ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿ, ಬ್ರೌಸರ್ ಯಾವ ತಾಣ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎನ್ನತೊಡಗಿದರೆ ಇಂಟರ್ನೆಟ್ಟಿನವರಿಗೆ ಫೋನ್ ಮಾಡಬೇಡಿ, ಆ ಬ್ಯಾಟರಿ ಬದಲಿಸಿ.

ಲ್ಯಾಪ್‌ಟಾಪ್‌ಗೆ ಒಂದೇ ಮಾತು. ಈಚಿನ ಮಾದರಿಗಳು ಬಹುತೇಕ ಹಳೆಯ ಗಾಢ ಸ್ಲೀಪ್ ಬಿಟ್ಟು ಮೊಬೈಲಿನಂತೆ ಅರೆಎಚ್ಚರದಲ್ಲಿರುತ್ತವೆ. ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿ ಧಾರವಾಡದ ಸಪ್ತಾಪುರದ ಕೋಚಿಂಗ್‌ಗೆ ಹೊರಟರೆ ತಲುಪುವಷ್ಟರಲ್ಲಿ ಬ್ಯಾಗ್ ಬೆಚ್ಚಗೆ, ಬ್ಯಾಟರಿ ಅರ್ಧ ಆಗಿರುವುದುಂಟು. ಮುಚ್ಚಳ ಮುಚ್ಚಿದಾಗ, ಬ್ಯಾಟರಿ ಮೇಲಿದ್ದಾಗ, ಹೈಬರ್ನೇಟ್ ಎಂದು ಕೊಡಿ.

ಅಂಕ ಕೊಡುವುದಾದರೆ ಐದಕ್ಕೆ ಹೈಬರ್ನೇಟ್‌ಗೆ ನಾಲ್ಕೂವರೆ, ಅಡಗಿಸಿಟ್ಟಿದ್ದಕ್ಕೆ ಅರ್ಧ ಕಡಿತ. ಹೈಬ್ರಿಡ್ ಆನ್ ಇದ್ದ ಸ್ಲೀಪ್‌ಗೆ ನಾಲ್ಕು, ಇಲ್ಲದಿದ್ದರೆ ಎರಡೂವರೆ. ಈಗಿನ ಶಟ್ ಡೌನ್‌ಗೆ ಮೂರು.

ಭರಣಿ, ಕೃತ್ತಿಕಾ ಮಳೆಯ ಸಿಡಿಲಿಗೆ ಇವು ಯಾವುವೂ ಲೆಕ್ಕಕ್ಕಿಲ್ಲ. ಶಟ್ ಡೌನ್ ಆದ ಕಂಪ್ಯೂಟರಿಗೂ ವಯರ್ ಜೋಡಿಸಿರುವಷ್ಟು ಹೊತ್ತೂ ಅಪಾಯ ಅಷ್ಟೇ, ಮನೆಯ ಯುಪಿಎಸ್ ಸಿಡಿಲು ತಡೆಯುವ ಸಾಧನವೂ ಅಲ್ಲ. ಮೋಡ ಕಟ್ಟಿ ದೂರದಲ್ಲಿ ಗುಡುಗುತ್ತಿರುವಾಗಲೇ ಹೈಬರ್ನೇಟ್ ಒತ್ತಿ, ದೀಪ ಆರಿದ ಮೇಲೆ ಯುಪಿಎಸ್ ಪ್ಲಗ್ಗನ್ನು ಗೋಡೆಯಿಂದ ಕೀಳಿ, ಆಮೇಲೆ ಕಂಪ್ಯೂಟರಿನ ಹಿಂದಿನ ಲ್ಯಾನ್ ಕೇಬಲ್ ಬಿಚ್ಚಿ. ಮನೆಗೆ ಫೈಬರ್ ಬಂದಿದ್ದರೂ ರೂಟರ್‌ನಿಂದ ಕಂಪ್ಯೂಟರಿಗೆ ಬರುವುದು ತಾಮ್ರವೇ, ರೂಟರ್‌ನ ಅಡಾಪ್ಟರ್ ಇನ್ನೂ ಪ್ಲಗ್ಗಿನಲ್ಲೇ ಇರುತ್ತದೆ.